ಬಾಬ್ ಮಾರ್ಲಿ ಬಗ್ಗೆ ನೀವು ಕೇಳಿದ್ದು

ಕೆರಿಬಿಯನ್ ದ್ವೀಪ ಜಮೈಕಾದ ರೆಗೆ ಸಂಗೀತದ ಬಗ್ಗೆ ಬಂದ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಅಲ್ಲಿನ ಗಾಯಕ ಬಾಬ್ ಮಾರ್ಲಿಯ ಕುರಿತೇ ಇದ್ದವು. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅವನಿಗೇ. ಒಂದೇ ಥರದ ಪ್ರಶ್ನೆಗಳನ್ನು ಒಟ್ಟು ಸೇರಿಸಿದ್ದೇನೆ.

ಪ್ರಶ್ನೆ: ಮಾರ್ಲಿ ಒಂದೇ ಆಲ್ಬಮ್‌ನಿಂದ ರಾತ್ರೋರಾತ್ರಿ ಸ್ಟಾರ್ ಆದ ಅಂತ ಒಂದು ವಿಡಿಯೊದಲ್ಲಿ ಹೇಳಿದರು. ನಿಜವೇ ಸರ್? (ಪದವಿ ವಿದ್ಯಾರ್ಥಿ, ಶಿವಮೊಗ್ಗ)

ಉತ್ತರ: ಆ ರಾತ್ರಿ ಹತ್ತು ವರ್ಷಕ್ಕಿಂತ ಉದ್ದ ಇತ್ತು.

ಮಾರ್ಲಿ ಹುಟ್ಟಿದ್ದು 1945ರ ಫೆಬ್ರುವರಿ 6ರಂದು, ಜಮೈಕಾದ ಸೇಂಟ್ ಆ್ಯನ್ ಪ್ರಾಂತ್ಯದ ನೈನ್ ಮೈಲ್ ಎಂಬ ಗುಡ್ಡಗಾಡಿನ ಹಳ್ಳಿಯಲ್ಲಿ. ತಾಯಿ ಸೆಡೆಲ್ಲಾ ಕಪ್ಪು ಜನಾಂಗದವಳು, ಇನ್ನೂ 18ರ ಹುಡುಗಿ. ತಂದೆ ನಾರ್ವಲ್ ಬಿಳಿಯ, ವಯಸ್ಸು 60ರ ಆಸುಪಾಸು. ಮಗನಿಗೆ ಅಪ್ಪ ಸಿಕ್ಕಿದ್ದೇ ಅಪರೂಪ. ಆಮೇಲೆ ತಾಯಿ ಮಗ ರಾಜಧಾನಿ ಕಿಂಗ್‌ಸ್ಟನ್‌ಗೆ ಬಂದು ಟ್ರೆಂಚ್ ಟೌನ್‌ನಲ್ಲಿ ನೆಲೆಸಿದರು. ಅಲ್ಲಿ ಬಡವರಿಗಾಗಿ ಸರ್ಕಾರ ಕಟ್ಟಿಸಿದ ವಠಾರಗಳಿದ್ದವು. ಅಂಗಳ ಒಂದೇ, ಅಡುಗೆಮನೆಯೂ ಹಂಚಿಕೊಂಡು ಬಳಸುವುದು. ಆ ಅಂಗಳದಲ್ಲೇ ಜೋ ಹಿಗ್ಸ್ ಎಂಬ ಗಾಯಕ ಹುಡುಗರನ್ನು ಕೂರಿಸಿಕೊಂಡು ದನಿಗೆ ದನಿ ಸೇರಿಸಿ ಹಾಡುವುದನ್ನು ಕಲಿಸುತ್ತಿದ್ದ. ಮುಂದೆ ‘ವೈಲರ್ಸ್’ ತಂಡವಾದ ಮಾರ್ಲಿ, ಪೀಟರ್ ಟಾಶ್, ಬನ್ನಿ ಲಿವಿಂಗ್‌ಸ್ಟನ್ (ಆಮೇಲೆ ಬನ್ನಿ ವೈಲರ್) ಮೂವರೂ ಅವನ ಕೈಯಲ್ಲಿ ಪಳಗಿದವರು. ಹಗಲು ಮಾರ್ಲಿಗೆ ವೆಲ್ಡಿಂಗ್ ಅಂಗಡಿಯಲ್ಲಿ ಕೆಲಸ.

1962ರಲ್ಲಿ ಮೊದಲ ರೆಕಾರ್ಡ್ ಬಂತು, ಯಾರೂ ಕೇಳಲಿಲ್ಲ. ಆಮೇಲೆ ನಿರ್ಮಾಪಕ ಕಾಕ್ಸನ್ ಡಾಡ್‌ನ ಸ್ಟುಡಿಯೊ ಒನ್‌ನಲ್ಲಿ ವೈಲರ್ಸ್ ಹಾಡಿದ ‘ಸಿಮ್ಮರ್ ಡೌನ್’ 1964ರಲ್ಲಿ ಜಮೈಕಾದಲ್ಲಿ ಮೊದಲ ಸ್ಥಾನಕ್ಕೇರಿತು. ಬೀದಿಯಲ್ಲಿ ಚಾಕು ಹಿಡಿದು ಓಡಾಡುವ ಹುಡುಗರಿಗೆ ‘ತಣ್ಣಗಾಗ್ರೋ’ ಅನ್ನುವ ಹಾಡು ಅದು. ಸರಿ, ಹೆಸರು ಬಂತು. ದುಡ್ಡು? ಅದು ಬರಲಿಲ್ಲ. 1966ರ ಫೆಬ್ರುವರಿಯಲ್ಲಿ ರೀಟಾಳನ್ನು ಮದುವೆಯಾದವನೇ ಅಮೆರಿಕದ ಡೆಲಾವೇರ್‌ನಲ್ಲಿದ್ದ ತಾಯಿಯ ಹತ್ತಿರ ಹೋಗಿ ಸಿಕ್ಕ ಕೆಲಸ ಮಾಡಿದ. ಕ್ರೈಸ್ಲರ್ ಕಾರು ಕಾರ್ಖಾನೆಯಲ್ಲೂ ದುಡಿದಿದ್ದಾನೆ. ಉಳಿಸಿದ ಹಣ ತಂದು ಸ್ವಂತ ರೆಕಾರ್ಡ್ ಲೇಬಲ್ ಶುರು ಮಾಡಿದರು. ಅದೂ ನಡೆಯಲಿಲ್ಲ.

ನನ್ನ ಪ್ರಕಾರ ತಿರುವು ಬಂದದ್ದು 1970ರ ಹೊತ್ತಿಗೆ. ಆಗ ಲೀ ಪೆರ್ರಿ ಎಂಬ ವಿಚಿತ್ರ ಪ್ರತಿಭೆಯ ನಿರ್ಮಾಪಕನ ಜೊತೆ ಕೆಲಸ ಮಾಡಿದರು. ಅವನ ತಂಡದಲ್ಲಿದ್ದ ಬ್ಯಾರೆಟ್ ಸಹೋದರರು, ಬೇಸ್ ಗಿಟಾರಿನ ಆಸ್ಟನ್ ಮತ್ತು ಡ್ರಮ್ಸಿನ ಕಾರ್ಲ್‌ಟನ್, ಮಾರ್ಲಿಯ ಕಡೆ ಬಂದರು. ನಾವು ಇವತ್ತು ‘ಮಾರ್ಲಿಯ ಸೌಂಡ್’ ಅನ್ನುವುದರಲ್ಲಿ ಅರ್ಧ ಈ ಅಣ್ಣತಮ್ಮಂದಿರದ್ದು.

1972ರಲ್ಲಿ ಲಂಡನ್ನಿನಲ್ಲಿ ಕೈ ಖಾಲಿಯಾಗಿ ನಿಂತಿದ್ದಾಗ ಐಲ್ಯಾಂಡ್ ರೆಕಾರ್ಡ್ಸ್ ಕಂಪನಿಯ ಮಾಲೀಕ ಕ್ರಿಸ್ ಬ್ಲ್ಯಾಕ್‌ವೆಲ್‌ನನ್ನು ಹೋಗಿ ಕಂಡರು. ಆತ ಆಲ್ಬಮ್ ಮಾಡಿ ಅಂತ 4,000 ಪೌಂಡ್ ಕೊಟ್ಟ. ಆ ದುಡ್ಡು ಮುಳುಗಿತು ಅಂತ ಜನ ಅವನಿಗೆ ಹೇಳಿದರಂತೆ. ಮುಳುಗಲಿಲ್ಲ. ತಂಡ ಜಮೈಕಾಕ್ಕೆ ಹೋಗಿ ಹಾಡುಗಳನ್ನು ಮುಗಿಸಿ ಟೇಪ್ ತಂದುಕೊಟ್ಟಿತು. ಬ್ಲ್ಯಾಕ್‌ವೆಲ್ ಅದಕ್ಕೆ ರಾಕ್ ಗಿಟಾರ್, ಕೀಬೋರ್ಡ್ ಸೇರಿಸಿದ. ಗಿಟಾರ್ ನುಡಿಸಿದ ವೇಯ್ನ್ ಪರ್ಕಿನ್ಸ್ ಅಮೆರಿಕದ ಅಲಬಾಮಾದವನು, ಅವನಿಗೆ ರೆಗೆ ಪೂರ್ತಿ ಹೊಸದು. 1973ರಲ್ಲಿ ‘ಕ್ಯಾಚ್ ಎ ಫೈರ್’ ಬಂದದ್ದು ಹೀಗೆ. ಅದೂ ಕೂಡಲೇ ಭರ್ಜರಿಯಾಗಿ ಮಾರಾಟವಾಗಲಿಲ್ಲ. ಮರುವರ್ಷ ಬ್ರಿಟನ್ನಿನ ಗಿಟಾರ್ ವಾದಕ ಎರಿಕ್ ಕ್ಲಾಪ್ಟನ್ ಮಾರ್ಲಿಯ ಒಂದು ಹಾಡನ್ನು ಹಾಡಿ ಅಮೆರಿಕದಲ್ಲಿ ಮೊದಲ ಸ್ಥಾನ ಗಿಟ್ಟಿಸಿದ ಮೇಲೆ ‘ಇದನ್ನು ಬರೆದವನು ಯಾರು’ ಅಂತ ಜನ ಹುಡುಕತೊಡಗಿದರು. ಅಷ್ಟರಲ್ಲಿ ಟಾಶ್ ಮತ್ತು ಬನ್ನಿ ತಂಡ ಬಿಟ್ಟಿದ್ದರು. ಮೂವರ ವೈಲರ್ಸ್ ಹೋಗಿ ‘ಬಾಬ್ ಮಾರ್ಲಿ ಆ್ಯಂಡ್ ದ ವೈಲರ್ಸ್’ ಉಳಿಯಿತು.

ಪ್ರಶ್ನೆ: ರೆಗೆ ತಾಳ ಕೇಳಿದಾಗ ಏನೋ ತಪ್ಪಿದ ಹಾಗೆ ಅನಿಸುತ್ತದೆ. ನಾನು ಮೃದಂಗ ಕಲಿಯುತ್ತಿದ್ದೇನೆ. ಸ್ವಲ್ಪ ವಿವರಿಸುತ್ತೀರಾ? (ಮೈಸೂರು)

ಉತ್ತರ: ನಿಮ್ಮ ಕಿವಿ ಸರಿಯಾಗಿಯೇ ಇದೆ. ಒಂದರಿಂದ ನಾಲ್ಕು ಎಣಿಸಿ. ಗಿಟಾರಿನ ‘ಚಕ್’ ಎರಡು ಮತ್ತು ನಾಲ್ಕರ ಮೇಲೆ ಬೀಳುತ್ತದೆ. ಡ್ರಮ್ಸಿನ ದೊಡ್ಡ ಪೆಟ್ಟು ಮೂರರ ಮೇಲೆ. ಒಂದರ ಮೇಲೆ ಡ್ರಮ್ಸ್ ಸುಮ್ಮನಿರುತ್ತದೆ! ಇದಕ್ಕೆ ‘ಒನ್ ಡ್ರಾಪ್’ ಅನ್ನುತ್ತಾರೆ. ಕಾರ್ಲ್‌ಟನ್ ಬ್ಯಾರೆಟ್ ಇದರಲ್ಲಿ ಎತ್ತಿದ ಕೈ. ಸಮದ, ಅಂದರೆ ತಾಳದ ಮೊದಲ ಎಣಿಕೆಯ, ಮೇಲೆ ಪೆಟ್ಟು ಬೀಳಲೇಬೇಕು ಅಂತ ಕಾಯುವ ನಮ್ಮಂಥವರಿಗೆ ಅಲ್ಲೊಂದು ಗುಂಡಿ ಕಂಡ ಹಾಗಾಗುತ್ತದೆ. ಅನಾಗತ ಎಡುಪಿನ ಕೃತಿಗಳು ನಿಮಗೆ ಗೊತ್ತಿರುತ್ತವೆ, ಅಲ್ವಾ? ಅಲ್ಲಿ ಹಾಡು ತಡವಾಗಿ ಶುರುವಾದರೂ ಕೈಯಲ್ಲಿ ತಾಳ ಸಮಕ್ಕೇ ಬೀಳುತ್ತದೆ. ಇಲ್ಲಿ ಡ್ರಮ್ಸೇ ಅದನ್ನು ಬಿಟ್ಟುಬಿಡುತ್ತದೆ. ಬೇಸ್ ಗಿಟಾರಿನ ದನಿಯ ಜಾಡು ಹಿಡಿದು ಕೇಳಿ. ರೆಗೆಯಲ್ಲಿ ರಾಗದ ಅರ್ಧ ಕೆಲಸ ಅದೇ ಮಾಡುತ್ತದೆ. ಮೊಬೈಲ್ ಸ್ಪೀಕರಿನಲ್ಲಿ ಬೇಸ್ ಕೇಳಿಸುವುದೇ ಇಲ್ಲ, ದಯವಿಟ್ಟು ಹೆಡ್‌ಫೋನ್ ಹಾಕಿಕೊಳ್ಳಿ.

ಪ್ರಶ್ನೆ: ಗುಂಡೇಟು ತಿಂದ ಎರಡೇ ದಿನಕ್ಕೆ ವೇದಿಕೆ ಹತ್ತಿದ್ದು ನಿಜವೇ? ಹೊಡೆದದ್ದು ಯಾಕೆ? (ಬ್ಯಾಂಕ್ ಉದ್ಯೋಗಿ, ಹುಬ್ಬಳ್ಳಿ)

ಉತ್ತರ: ನಿಜ. 1976ರಲ್ಲಿ ಜಮೈಕಾ ಎರಡು ಹೋಳಾಗಿತ್ತು. ಒಂದು ಕಡೆ ಪ್ರಧಾನಿ ಮೈಕೆಲ್ ಮ್ಯಾನ್ಲಿ, ಇನ್ನೊಂದು ಕಡೆ ವಿರೋಧ ಪಕ್ಷದ ನಾಯಕ ಎಡ್ವರ್ಡ್ ಸಿಯಾಗ. ಎರಡೂ ಪಕ್ಷಗಳ ಹಿಂದೆ ಬಂದೂಕು ಹಿಡಿದ ಬೀದಿ ಗುಂಪುಗಳಿದ್ದವು. ಶಾಂತಿಗಾಗಿ ಉಚಿತ ಕಾರ್ಯಕ್ರಮ ಕೊಡಲು ಮಾರ್ಲಿ ಒಪ್ಪಿದ. ಆಮೇಲೆ ಸರ್ಕಾರ ಚುನಾವಣೆಯ ದಿನಾಂಕವನ್ನು ಅದರ ಬೆನ್ನಿಗೇ ಇಟ್ಟಿತು. ಎಲ್ಲರ ಕಣ್ಣಿಗೆ ಅವನು ಮ್ಯಾನ್ಲಿ ಕಡೆಯವನಂತೆ ಕಂಡ. ಡಿಸೆಂಬರ್ 3ರ ರಾತ್ರಿ, ಹೋಪ್ ರಸ್ತೆಯ 56ನೇ ನಂಬರಿನ ಮನೆಯಲ್ಲಿ ರಿಹರ್ಸಲ್ ಮಧ್ಯೆ ಬಿಡುವು ಇದ್ದಾಗ ಬಂದೂಕುಧಾರಿಗಳು ನುಗ್ಗಿದರು. ಮಾರ್ಲಿಯ ಎದೆ ಸವರಿದ ಗುಂಡು ತೋಳಿಗೆ ಹೊಕ್ಕಿತು. ರೀಟಾಳ ತಲೆಗೆ ಪೆಟ್ಟಾಯಿತು. ಮ್ಯಾನೇಜರ್ ಡಾನ್ ಟೇಲರ್‌ಗೆ ಹಲವು ಗುಂಡು ಬಿದ್ದವು. ಯಾರೂ ಸಾಯಲಿಲ್ಲ ಅನ್ನುವುದೇ ಆಶ್ಚರ್ಯ. 5ನೇ ತಾರೀಕು ಮಾರ್ಲಿ ಹಾಡಿದ. ರೀಟಾಳೂ ತಲೆಗೆ ಬ್ಯಾಂಡೇಜ್ ಕಟ್ಟಿಕೊಂಡೇ ವೇದಿಕೆ ಹತ್ತಿದಳು. ಆಮೇಲೆ ಅವನು ದೇಶ ಬಿಟ್ಟು ಲಂಡನ್‌ಗೆ ಹೋದ. ಅಲ್ಲಿ ಮುಗಿಸಿದ ‘ಎಕ್ಸೊಡಸ್’ 1977ರಲ್ಲಿ ಬಂತು.

1978ರ ಏಪ್ರಿಲ್ 22ರಂದು ಕಿಂಗ್‌ಸ್ಟನ್ನಿನ ಕ್ರೀಡಾಂಗಣದಲ್ಲಿ ಮಾರ್ಲಿ ಹಾಡುತ್ತಾ ಮ್ಯಾನ್ಲಿ ಮತ್ತು ಸಿಯಾಗ ಇಬ್ಬರನ್ನೂ ವೇದಿಕೆಗೆ ಕರೆದು ಕೈ ಕೈ ಸೇರಿಸಿ ಎತ್ತಿದ ಫೋಟೊ ನೀವು ನೋಡಿರಬಹುದು. ಅಲ್ಲಿಗೇ ಕಥೆ ನಿಲ್ಲಿಸುವುದು ನನಗೆ ಹಿಡಿಸುವುದಿಲ್ಲ. 1980ರ ಚುನಾವಣೆಯ ವರ್ಷ ಅಲ್ಲಿ ಸುಮಾರು 800 ಜನ ರಾಜಕೀಯ ಹಿಂಸೆಗೆ ಬಲಿಯಾದರು.

ಪ್ರಶ್ನೆ: ಕಾಲ್ಬೆರಳಿನ ಫುಟ್‌ಬಾಲ್ ಗಾಯದಿಂದ ಕ್ಯಾನ್ಸರ್ ಬಂದು ಸತ್ತ ಅನ್ನುತ್ತಾರೆ. ಗಾಯದಿಂದ ಹಾಗಾಗುತ್ತದಾ? ಧರ್ಮದ ಕಾರಣಕ್ಕೆ ಚಿಕಿತ್ಸೆ ಬೇಡ ಅಂದನಂತೆ? (ಗೃಹಿಣಿ, ಉಡುಪಿ)

ಉತ್ತರ: ಗಾಯ ಕಾರಣ ಅಲ್ಲ. 1977ರಲ್ಲಿ ಆಟದಲ್ಲಿ ಪೆಟ್ಟಾದ ಬೆರಳು ವಾಸಿಯಾಗದಿದ್ದಾಗ ಪರೀಕ್ಷೆ ಮಾಡಿದರು. ಉಗುರಿನ ಕೆಳಗೆ ಮೆಲನೋಮಾ ಇತ್ತು. ಇದು ಚರ್ಮದ ಕ್ಯಾನ್ಸರಿನ ಒಂದು ಬಗೆ. ಕಪ್ಪು, ಕಂದು ಚರ್ಮದವರಿಗೆ ಮೆಲನೋಮಾ ಬರುವುದು ಕಡಿಮೆ. ಬಂದರೆ ಅಂಗಾಲು, ಅಂಗೈ, ಉಗುರಿನ ಕೆಳಗೆ ಬರುವುದೇ ಜಾಸ್ತಿ. ನಮಗೂ ಇದು ಅನ್ವಯಿಸುತ್ತದೆ. ಉಗುರಿನ ಕೆಳಗೆ ಕಪ್ಪು ಗೆರೆ ಮೂಡಿ ಅಗಲವಾಗುತ್ತಾ ಹೋದರೆ ಚರ್ಮದ ಡಾಕ್ಟರಿಗೆ ತೋರಿಸಿಬಿಡಿ.

ಬೆರಳು ಕತ್ತರಿಸಬೇಕು ಅಂತ ಡಾಕ್ಟರುಗಳು ಹೇಳಿದರು, ಅವನು ಒಪ್ಪಲಿಲ್ಲ. ಅವನು ಅನುಸರಿಸುತ್ತಿದ್ದದ್ದು ಜಮೈಕಾದಲ್ಲಿ ಹುಟ್ಟಿದ ರಾಸ್ತಫಾರಿ ಧರ್ಮ; ದೇಹದ ಭಾಗ ಕತ್ತರಿಸಬಾರದು ಅನ್ನುವ ಅದರ ನಂಬಿಕೆ ಈ ನಿರ್ಧಾರದಲ್ಲಿ ಇತ್ತು, ಸರಿ. ಆದರೆ ಚಿಕಿತ್ಸೆಯೇ ಬೇಡ ಅನ್ನಲಿಲ್ಲ. ಮಯಾಮಿಯಲ್ಲಿ ಉಗುರು, ಅದರ ಕೆಳಗಿನ ಭಾಗ ತೆಗೆಸಿ ಚರ್ಮ ಕಸಿ ಮಾಡಿಸಿಕೊಂಡ. ಆಮೇಲೆ ಪ್ರವಾಸದ ಮೇಲೆ ಪ್ರವಾಸ. 1980ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕ್‌ನಲ್ಲಿ ಓಡುವಾಗ ಕುಸಿದ. ರೋಗ ಮಿದುಳಿಗೆ ಹರಡಿತ್ತು. ಎರಡು ದಿನ ಬಿಟ್ಟು ಪಿಟ್ಸ್‌ಬರ್ಗ್‌ನಲ್ಲಿ ಕೊನೆಯ ಕಾರ್ಯಕ್ರಮ ಕೊಟ್ಟ. ಜರ್ಮನಿಯಲ್ಲಿ ಕೆಲವು ತಿಂಗಳು ಚಿಕಿತ್ಸೆ ಪಡೆದು ಊರಿಗೆ ಹೊರಟವನು ಮಯಾಮಿ ದಾಟಲಿಲ್ಲ. 1981ರ ಮೇ 11ರಂದು ತೀರಿಕೊಂಡಾಗ ವಯಸ್ಸು 36.

ಪ್ರಶ್ನೆ: ಇಷ್ಟೆಲ್ಲ ಗಾಂಜಾದ ಪ್ರಭಾವವೇ? (ಹೆಸರು ಬೇಡ, ಬೆಂಗಳೂರು)

ಉತ್ತರ: ಸೇದುತ್ತಿದ್ದ, ಮುಚ್ಚುಮರೆ ಇಲ್ಲ. ರಾಸ್ತಫಾರಿಗಳಿಗೆ ಅದು ಪೂಜೆಯ ಭಾಗ. 1845ರಿಂದ ಕಬ್ಬಿನ ತೋಟಗಳಿಗೆ ಹೋದ ಭಾರತೀಯ ಕೂಲಿಗಳೇ ಅದನ್ನು ಜಮೈಕಾಕ್ಕೆ ಒಯ್ದರು ಅನ್ನುತ್ತಾರೆ. ಆದರೆ ಹಾಡು ಹುಟ್ಟಿದ್ದು ರಿಹರ್ಸಲ್‌ನಿಂದ ಸ್ವಾಮಿ.

ಪ್ರಶ್ನೆ: ಅವನ ಒಂದು ದೊಡ್ಡ ಹಾಡಿನ ಕೆಳಗೆ ಬೇರೆಯವರ ಹೆಸರಿದೆಯಲ್ಲ, ಕದ್ದದ್ದೇ? (ಗಿಟಾರ್ ಕಲಿಯುವವರು, ಮಂಗಳೂರು)

ಉತ್ತರ: ನೀವು ಕೇಳುತ್ತಿರುವುದು ‘ನೋ ವುಮನ್, ನೋ ಕ್ರೈ’. ರಚನೆ ವಿನ್ಸೆಂಟ್ ಫೋರ್ಡ್ ಅಂತ ಇದೆ. ಫೋರ್ಡ್ ಟ್ರೆಂಚ್ ಟೌನ್‌ನಲ್ಲಿ ಹಸಿದವರಿಗೆ ಅಡುಗೆ ಮಾಡಿ ಬಡಿಸುತ್ತಿದ್ದವನು, ಮಾರ್ಲಿಯ ಹಳೇ ಗೆಳೆಯ. ಆ ಹೊತ್ತಿಗೆ ಮಾರ್ಲಿ ಕೇಮನ್ ಮ್ಯೂಸಿಕ್ ಎಂಬ ಕಂಪನಿಯ ಜೊತೆಗಿನ ಹಳೆಯ ಕರಾರಿನಲ್ಲಿ ಸಿಕ್ಕಿಕೊಂಡಿದ್ದ. ತನ್ನ ಹೆಸರಿನಲ್ಲಿ ಹಾಡು ಬಂದರೆ ಹಕ್ಕು ಅವರಿಗೆ ಹೋಗುತ್ತಿತ್ತು. ಹಾಗಾಗಿ ಗೆಳೆಯರ ಹೆಸರು ಹಾಕಿದ. ಈ ಹಾಡೂ ಸೇರಿ 13 ಹಾಡುಗಳ ಜಗಳ 2014ರಲ್ಲಿ ಲಂಡನ್ನಿನ ಹೈಕೋರ್ಟಿಗೆ ಬಂದಾಗ, ಬರೆದವನು ಮಾರ್ಲಿಯೇ ಅಂತ ಎರಡೂ ಕಡೆಯವರು ಒಪ್ಪಿದ್ದರು. ಕೇಮನ್ ಸೋತಿತು. ಕದ್ದದ್ದಲ್ಲ, ತನ್ನದನ್ನೇ ಬಚ್ಚಿಟ್ಟದ್ದು. ಇಷ್ಟು ಲೆಕ್ಕ ಗೊತ್ತಿದ್ದವನು ಉಯಿಲು ಮಾತ್ರ ಬರೆಯಲೇ ಇಲ್ಲ. ಆಸ್ತಿಯ ಕೇಸುಗಳು ವರ್ಷಗಟ್ಟಲೆ ಎಳೆದವು.

ಪ್ರಶ್ನೆ: ಎಲ್ಲಿಂದ ಕೇಳಲು ಶುರು ಮಾಡಲಿ? (ಹಲವರು)

ಉತ್ತರ: ಎಲ್ಲರೂ 1984ರ ಸಂಗ್ರಹ ‘ಲೆಜೆಂಡ್’ ಕೇಳಿ ಅನ್ನುತ್ತಾರೆ. ಚೆನ್ನಾಗಿದೆ, ಆದರೆ ಅದರಲ್ಲಿ ಸಿಟ್ಟಿನ ಹಾಡುಗಳನ್ನು ಬಹುಪಾಲು ಬಿಟ್ಟಿದ್ದಾರೆ. ನಾನಾದರೆ ಲಂಡನ್ನಿನ ಲೈಸಿಯಮ್‌ನಲ್ಲಿ ರೆಕಾರ್ಡ್ ಮಾಡಿದ 1975ರ ‘ಲೈವ್!’ನಿಂದ ಶುರು ಮಾಡಿ 1979ರ ‘ಸರ್ವೈವಲ್’ಗೆ ಹೋಗುತ್ತೇನೆ. ಅದರಲ್ಲಿ ಜಿಂಬಾಬ್ವೆ ಬಗ್ಗೆ ಒಂದು ಹಾಡಿದೆ. 1980ರ ಏಪ್ರಿಲ್‌ನಲ್ಲಿ ಆ ದೇಶ ಸ್ವತಂತ್ರವಾದಾಗ ತಂಡ, ಸಾಮಾನು ಎಲ್ಲವನ್ನೂ ತನ್ನ ಖರ್ಚಿನಲ್ಲೇ ಸಾಗಿಸಿ ಅಲ್ಲಿಯೇ ಅದನ್ನು ಹಾಡಿದ. ಆಮೇಲೆ ತಂಡ ಬಿಟ್ಟ ಇಬ್ಬರನ್ನೂ ಮರೆಯಬೇಡಿ. ಬನ್ನಿ ವೈಲರ್‌ನ 1976ರ ‘ಬ್ಲ್ಯಾಕ್‌ಹಾರ್ಟ್ ಮ್ಯಾನ್’ ನನಗೆ ಮಾರ್ಲಿಯ ಕೆಲವು ಆಲ್ಬಮ್‌ಗಳಿಗಿಂತ ಒಂದು ಕೈ ಮೇಲು.