ಮಳೆಗಾಲದಲ್ಲಿ ನೈಲಾನ್ ಬುಶ್ ಬಿಗಿಯಾಗುವುದು ಯಾಕೆ?

ನಮಸ್ಕಾರ. ಮಲ್ಪೆಯಲ್ಲಿರುವ ನಿಮ್ಮ ಬೋಟಿನ ಪುಲ್ಲಿಗೆ, 40 ಮಿ.ಮೀ. ಶಾಫ್ಟಿಗೆ ಹಾಕಿಸಿದ ನೈಲಾನ್ ಬುಶ್ (ಶಾಫ್ಟಿಗೂ ಪುಲ್ಲಿಗೂ ನಡುವೆ ಕೂರುವ ಕೊಳವೆ) ಮೇ ತಿಂಗಳಲ್ಲಿ ಸಲೀಸಾಗಿ ತಿರುಗುತ್ತಿತ್ತು, ಮೀನುಗಾರಿಕೆ ರಜೆ ಮುಗಿಸಿ ಆಗಸ್ಟಿನಲ್ಲಿ ನೋಡಿದರೆ ಹಿಡಿದುಕೊಂಡಿದೆ, ಲೇತಿನವರ ಅಳತೆ ತಪ್ಪಿತೇ ಎಂದು ಕೇಳಿದ್ದೀರಿ. ಅವರ ಅಳತೆ ಸರಿಯೇ ಇದ್ದಿರಬಹುದು. ನೈಲಾನ್ ನೀರು ಕುಡಿದು ಉಬ್ಬಿದೆ.

ನೈಲಾನ್ 6 ಎಂಬ ಬಗೆಯ ನೈಲಾನಿನ ಅಣುಸರಪಳಿಯಲ್ಲಿರುವ ಅಮೈಡ್ ಗುಂಪುಗಳು ನೀರನ್ನು ಹಿಡಿದಿಟ್ಟುಕೊಳ್ಳುತ್ತವೆ. ನೀರಿನಲ್ಲೇ ಬಿದ್ದಿದ್ದರೆ ತೂಕದ ಶೇ. 9ರ ಆಸುಪಾಸು ಹೀರುತ್ತದೆ, ಅಳತೆಯೂ ಶೇ. 2ರಷ್ಟು ಬೆಳೆಯುತ್ತದೆ. ಬುಶ್ಶಿನ ಹೊರಮೈ ಪುಲ್ಲಿಯ ಕಬ್ಬಿಣದೊಳಗೆ ಬಿಗಿಯಾಗಿ ಕೂತಿರುವುದರಿಂದ ಉಬ್ಬಿದ್ದೆಲ್ಲ ಒಳಗಿನ ತೂತಿನ ಕಡೆಗೇ ಬರಬೇಕು. ಗೋಡೆ 10 ಮಿ.ಮೀ. ದಪ್ಪವಿದ್ದರೆ ಎರಡೂ ಬದಿ ಸೇರಿ ಕನಿಷ್ಠ 0.4 ಮಿ.ಮೀ. ಗ್ಯಾಪ್ ಹೋಯಿತು. ಗನ್‌ಮೆಟಲ್ (ಒಂದು ಬಗೆಯ ಕಂಚು) ಬುಶ್ಶಿಗೆ ಬಿಡುವಷ್ಟೇ ಗ್ಯಾಪ್ ಇದಕ್ಕೂ ಬಿಟ್ಟರೆ ಸಾಲದು.

ಖಾತ್ರಿಯಾಗಬೇಕಾದರೆ ಬುಶ್ ಹೊರತೆಗೆದು ತೂಗಿ, ಓವನ್‌ನಲ್ಲಿ 80 ಡಿಗ್ರಿಯಲ್ಲಿ ಒಂದೆರಡು ದಿನ ಇಟ್ಟು ಮತ್ತೆ ತೂಗಿ. ತೂಕ ಇಳಿದು ಬೋರ್ (ಒಳಗಿನ ತೂತು) ದೊಡ್ಡದಾದರೆ ನೀರಿನದೇ ಕೆಲಸ.

ಹೊಸದು ಮಾಡಿಸುವಾಗ ಗೋಡೆ 5 ಮಿ.ಮೀ.ಗೆ ಇಳಿಸಿ, ಉಬ್ಬುವುದೂ ಅರ್ಧವಾಗುತ್ತದೆ. ಸದಾ ಒದ್ದೆಯಾಗುವ ಜಾಗಕ್ಕೆ ನನ್ನ ಆಯ್ಕೆ ಅಸಿಟಾಲ್ ಎಂಬ ಇನ್ನೊಂದು ಪ್ಲಾಸ್ಟಿಕ್, ಅಂಗಡಿಯಲ್ಲಿ ಡೆಲ್ರಿನ್ ಎಂದು ಕೇಳಿ. ಅದು ಹೀರುವುದು ಶೇ. 1ರ ಆಸುಪಾಸು ಅಷ್ಟೇ. ಜೋರಾದ ಹೊಡೆತ ಬೀಳುವ ಕಡೆ ಮಾತ್ರ ನೈಲಾನೇ ಗಟ್ಟಿ.

ಇನ್ನೊಂದು, ಶಾಫ್ಟಿನ ತುಕ್ಕು ತೆಗೆಯಲು ಬುಶ್ ಇದ್ದ ಹಾಗೆಯೇ ಆಸಿಡ್ ಸುರಿಯಬೇಡಿ. ಹೈಡ್ರೋಕ್ಲೋರಿಕ್ ಆಮ್ಲ ನೈಲಾನನ್ನು ತಿಂದುಹಾಕುತ್ತದೆ.