ಮಳೆನೆರಳಿನಲ್ಲೊಂದು ಸೇಬಿನ ನಗರ

ಪ್ರಶ್ನೆ: ಅಮೆರಿಕದ ವೆನಾಚಿ ನಗರದಲ್ಲಿ ಮಳೆ ತೀರಾ ಕಡಿಮೆ ಎಂದು ಓದಿದ್ದೇನೆ. ಹಾಗಿದ್ದೂ ಅದು ಸೇಬಿಗೆ ಹೆಸರಾದದ್ದು ಹೇಗೆ?

ಉತ್ತರ: ವಾಷಿಂಗ್ಟನ್ ರಾಜ್ಯದ ಈ ಪುಟ್ಟ ನಗರವು ಕ್ಯಾಸ್ಕೇಡ್ ಪರ್ವತಶ್ರೇಣಿಯ ಪೂರ್ವಕ್ಕೆ, ವೆನಾಚಿ ನದಿಯು ಕೊಲಂಬಿಯಾ ನದಿಯನ್ನು ಸೇರುವಲ್ಲಿದೆ. ಪೆಸಿಫಿಕ್ ಸಾಗರದ ಮೋಡಗಳು ಪಶ್ಚಿಮದ ಇಳಿಜಾರಿನಲ್ಲೇ ಬಹುಪಾಲು ಮಳೆ ಸುರಿಸಿಬಿಡುವುದರಿಂದ ಇದು ಮಳೆನೆರಳಿನ ಪ್ರದೇಶವಾಗಿದೆ. ಆದರೆ ಮಳೆಯನ್ನು ತಡೆಯುವ ಅದೇ ಪರ್ವತದ ಮೇಲೆ ಚಳಿಗಾಲದಲ್ಲಿ ಬಿದ್ದ ಹಿಮವು ಕರಗಿ, ತೋಟಗಳಿಗೆ ನೀರು ಬೇಕಾಗುವ ಹೊತ್ತಿಗೆ ನದಿಯಾಗಿ ಇಳಿದು ಬರುತ್ತದೆ. ಈ ಹೊಂದಾಣಿಕೆ ನನಗೆ ನಿಜಕ್ಕೂ ಬೆರಗು ಹುಟ್ಟಿಸುತ್ತದೆ. 1892ರಲ್ಲಿ ರೈಲು ಬಂದಿತು. 1903ರಲ್ಲಿ ಹೈಲೈನ್ ಕಾಲುವೆಯಲ್ಲಿ ನೀರು ಹರಿಯಿತು. ಒಣ ಕುರುಚಲು ನೆಲ ಹಣ್ಣಿನ ತೋಟವಾಯಿತು. ಒಣಹವೆಯಿಂದಾಗಿ ಶಿಲೀಂಧ್ರ ರೋಗಗಳ ಕಾಟವೂ ಕಡಿಮೆ.

ಬೆಳೆಗಾರರ ದೊಡ್ಡ ಆತಂಕವೆಂದರೆ ವಸಂತದ ರಾತ್ರಿಯಲ್ಲಿ ಇಬ್ಬನಿಯನ್ನೇ ಹೆಪ್ಪುಗಟ್ಟಿಸುವ ಕೊರೆಚಳಿ. ಹೂ ಬಿಟ್ಟ ಮರಗಳ ನಡುವೆ ಎತ್ತರದ ಕಂಬಗಳ ಮೇಲೆ ನಿಲ್ಲಿಸಿದ ಭಾರಿ ಫ್ಯಾನುಗಳು ಆಗ ತಿರುಗತೊಡಗಿ, ಮೇಲಿರುವ ಬೆಚ್ಚನೆಯ ಗಾಳಿಯನ್ನು ನೆಲದ ಮೇಲಿನ ತಣ್ಣನೆಯ ಗಾಳಿಯೊಂದಿಗೆ ಬೆರೆಸಿ, ಹೂಗಳು ಹೆಪ್ಪುಗಟ್ಟದಂತೆ ಕಾಯುತ್ತವೆ.