ಅಲೆ ಎದ್ದರೆ ನೀರು ಬೇಗ ಆರುತ್ತದೆಯೇ?

ಪ್ರಶ್ನೆ: ಅಲೆ ಎದ್ದಾಗ ನೀರಿನ ಮೇಲ್ಮೈ ಹಿಗ್ಗುತ್ತದೆ. ಗಾಳಿ ಬೀಸಿದ ದಿನ ಕೆರೆಯ ನೀರು ಜಾಸ್ತಿ ಆವಿಯಾಗೋದು ಅದಕ್ಕೇ ಅಲ್ವಾ?

ಉತ್ತರ: ಹಿಗ್ಗುವುದು ನಿಜ. ಆದರೆ ಎಷ್ಟು? ಮೀಟರಿಗೊಂದು ಅಲೆ, ಅದರ ಎತ್ತರ 10 ಸೆಂ.ಮೀ. ಅಂದುಕೊಳ್ಳಿ. ನೋಡಲು ನೀರೆಲ್ಲ ಅಲ್ಲೋಲಕಲ್ಲೋಲ. ಲೆಕ್ಕ ಹಾಕಿದರೆ ಮೇಲ್ಮೈ ಹೆಚ್ಚಿದ್ದು ಶೇಕಡ 2.5ರಷ್ಟು, ಅಷ್ಟೆ! ನನಗೂ ಮೊದಲ ಸಲ ನಂಬಿಕೆ ಬರದೆ ಇನ್ನೊಮ್ಮೆ ಲೆಕ್ಕ ಮಾಡಿದ್ದೆ.

ನಿಜವಾದ ಕೆಲಸ ಗಾಳಿಯದು. ನೀರಿಗೆ ಅಂಟಿಕೊಂಡಂತೆ ತೇವ ತುಂಬಿದ ತೆಳು ಗಾಳಿಯ ಪದರ ಇರುತ್ತದೆ. ಆವಿ ಇದನ್ನು ದಾಟಿಯೇ ಮೇಲೆ ಹೋಗಬೇಕು. ಗಾಳಿ ಬೀಸಿದಾಗ ಆ ಪದರ ತೆಳುವಾಗುತ್ತದೆ, ತೇವದ ಗಾಳಿ ಹೋಗಿ ಒಣಗಾಳಿ ಬರುತ್ತದೆ. ಎರಡು ತಟ್ಟೆಯಲ್ಲಿ ಒಂದೊಂದು ಲೋಟ ನೀರು ಹಾಕಿ, ಒಂದನ್ನು ಫ್ಯಾನ್ ಕೆಳಗಿಡಿ. ಅಲೆ ಏಳದಿದ್ದರೂ ಫ್ಯಾನ್ ಕೆಳಗಿನದೇ ಮೊದಲು ಆರುತ್ತದೆ.

ಹಾಗಂತ ಗಾಳಿ ಎರಡು ಪಟ್ಟಾದರೆ ಆವಿಯೂ ಎರಡು ಪಟ್ಟಾಗಬೇಕೆಂದೇನಿಲ್ಲ. ಆವಿಯಾಗುವ ನೀರು ಶಾಖ ಕೇಳುತ್ತದೆ, ಅದೂ ಸುಮ್ನೆ ಅಲ್ಲ. ಒಂದು ಲೀಟರ್ ನೀರನ್ನು 20 ಡಿಗ್ರಿಯಿಂದ ಕುದಿಯುವವರೆಗೆ ಕಾಯಿಸಲು ಬೇಕಾದ ಶಾಖದ ಸುಮಾರು 7 ಪಟ್ಟು ಶಾಖ, ಅಷ್ಟೇ ನೀರು ಆವಿಯಾಗಲು ಬೇಕು. ಆ ಶಾಖ ಹೆಚ್ಚಾಗಿ ನೀರಿನಿಂದಲೇ ಹೋಗುವುದರಿಂದ ಮೇಲ್ಮೈ ತಣ್ಣಗಾಗುತ್ತದೆ, ಆವಿ ಏಳುವುದೂ ನಿಧಾನವಾಗುತ್ತದೆ. ಇನ್ನು ಗಾಳಿಯಲ್ಲೇ ತೇವ ತುಂಬಿದ್ದು ನೀರು ಅದಕ್ಕಿಂತ ತಣ್ಣಗಿದ್ದರೆ, ಎಷ್ಟು ಬೀಸಿದರೂ ನೀರು ಆರುವುದಿಲ್ಲ. ಗಾಳಿಯ ತೇವವೇ ನೀರಿಗೆ ಬಂದು ಸೇರುತ್ತದೆ.

ನೀರು ಆರುವ ಈ ಲೆಕ್ಕವನ್ನು 1802ರಲ್ಲೇ ಇಂಗ್ಲೆಂಡಿನ ವಿಜ್ಞಾನಿ ಜಾನ್ ಡಾಲ್ಟನ್ ಹಿಡಿದಿದ್ದರು: ನೀರಿನ ಮೇಲ್ಮೈಯಲ್ಲಿನ ಆವಿಯ ಒತ್ತಡಕ್ಕೂ (ಆವಿ ಎಷ್ಟಿದೆ ಎಂಬುದರ ಅಳತೆ) ಗಾಳಿಯಲ್ಲಿರುವ ಆವಿಯ ಒತ್ತಡಕ್ಕೂ ಎಷ್ಟು ಅಂತರವೋ, ಅಷ್ಟು ವೇಗವಾಗಿ ನೀರು ಆರುತ್ತದೆ. ಗಾಳಿ ಜೋರಾದಷ್ಟೂ ಆ ವೇಗ ಹೆಚ್ಚು.

ಹಾಗಾದರೆ ಅಲೆಗೆ ಏನೂ ಪಾತ್ರವಿಲ್ಲವೇ? ಇದೆ. ತಣ್ಣಗಾದ ಮೇಲ್ನೀರನ್ನು ಕೆಳಗಿನ ಬೆಚ್ಚನೆ ನೀರಿನ ಜೊತೆ ಕಲಕುತ್ತದೆ. ಅಲೆಯ ಉಬ್ಬುತಗ್ಗು ಮೇಲಿನ ಗಾಳಿಯಲ್ಲೂ ಸುಳಿ ಎಬ್ಬಿಸುತ್ತದೆ. ಬಿರುಗಾಳಿಯಲ್ಲಿ ಅಲೆ ಒಡೆದು ನೊರೆಯಾದಾಗ ಹನಿಗಳು ಸಿಡಿಯುತ್ತವೆ. ಹನಿ ಚಿಕ್ಕದಾದಷ್ಟೂ ಅದರ ನೀರಿನ ಪ್ರಮಾಣಕ್ಕೆ ಹೋಲಿಸಿದರೆ ಮೈ ಜಾಸ್ತಿ, ಹಾಗಾಗಿ ಬೇಗ ಆರುತ್ತದೆ. ಮೇಲ್ಮೈ ಹಿಗ್ಗುವ ನಿಮ್ಮ ವಾದ ನಿಜಕ್ಕೂ ಗೆಲ್ಲುವುದು ಇಲ್ಲಿ, ಆ ಹನಿಗಳಲ್ಲಿ.